ಬೇಸಿಗೆ ಕೈತೋಟದ ಫಸಲು: ಕೊಯ್ಲು, ಬಳಕೆ ಮತ್ತು ಸಂರಕ್ಷಣೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಹಳೆಯ ಬಡಾವಣೆಗಳಲ್ಲಿ ಮನೆಯ ಹಿಂದೆ ಹಿತ್ತಲು ಇರುವುದು ರೂಢಿ. ಹೊಸ ಬಡಾವಣೆಗಳಲ್ಲಿ ಹಿತ್ತಲಿನ ಸ್ಥಾನವನ್ನು ತಾರಸಿಯ ಮೇಲಿನ ಕುಂಡಗಳು ಪಡೆದುಕೊಂಡಿವೆ. ಜನವರಿ ಕೊನೆಯಿಂದ ಫೆಬ್ರವರಿಯವರೆಗೆ ಬಿತ್ತಿದ ಬೆಂಡೆ, ಚವಳಿ, ಹೀರೆ, ಸವತೆ, ರಾಜಗಿರಿ ಮೊದಲಾದವು ಮಾರ್ಚ್‌ನಿಂದ ಮೇ ತಿಂಗಳವರೆಗೆ ಕೊಯ್ಲಿಗೆ ಬರುತ್ತವೆ. ಸಂತೆಯಲ್ಲಿ ಸೊಪ್ಪು ಬಾಡುವ, ಬೀನ್ಸ್ ದರ ಏರುವ ಕಾಲವೂ ಇದೇ ಆಗಿರುವುದರಿಂದ ಈ ಫಸಲಿಗೆ ವಿಶೇಷ ಮಹತ್ವವಿರುತ್ತದೆ. ಬೆಳೆಯುವ ವಿಧಾನದ ಬಗ್ಗೆ ಸಾಕಷ್ಟು ಮಾಹಿತಿ ಲಭ್ಯವಿದ್ದರೂ, ಬಂದ ಫಸಲನ್ನು ಸರಿಯಾದ ಹದದಲ್ಲಿ ಕೊಯ್ದು ಉಪಯೋಗಿಸುವ ಬಗ್ಗೆ ಅಷ್ಟು ಗಮನ ಕೊಡಲಾಗುತ್ತಿಲ್ಲ. ಆದ್ದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

ನೀರಿನ ಲೆಕ್ಕ

ಅವಳಿ ನಗರಕ್ಕೆ ಕುಡಿಯುವ ನೀರು ಮುಖ್ಯವಾಗಿ ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ಬರುತ್ತದೆ. 2008ರಲ್ಲಿ ಆಯ್ದ ಪ್ರಾಯೋಗಿಕ ವಲಯಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಆರಂಭವಾಯಿತು. ಆದರೂ ನಳದ ನೀರಿಗಾಗಿ ದಿನಗಟ್ಟಲೆ ಕಾಯುವುದು ಇಲ್ಲಿನ ಅನೇಕ ಕುಟುಂಬಗಳಿಗೆ ಹೊಸತೇನಲ್ಲ. ಆದಕಾರಣ ಕೈತೋಟದ ವಿಸ್ತೀರ್ಣವನ್ನು ಜಾಗ ನೋಡಿ ನಿಗದಿಪಡಿಸುವುದಕ್ಕಿಂತ ನೀರು ನೋಡಿ ನಿಗದಿಪಡಿಸುವುದು ಸೂಕ್ತ.

ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಬಿರುಬೇಸಿಗೆಯಲ್ಲಿ ತರಕಾರಿ ಮಡಿಗೆ ದಿನಕ್ಕೆ ಸುಮಾರು 5 ಮಿಲಿಮೀಟರ್ ಬೇಕೆಂದು ಹಿಡಿದರೆ, 10 ಅಡಿ ಉದ್ದ 10 ಅಡಿ ಅಗಲದ ಮಡಿಗೆ (ಸುಮಾರು 9.3 ಚದರ ಮೀಟರ್) ಸರಾಸರಿ 45ರಿಂದ 50 ಲೀಟರ್, ಅಂದರೆ ಮೂರು ಬಕೆಟ್ ನೀರು ಬೇಕಾಗುತ್ತದೆ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಇದಕ್ಕೆ ಬಳಸಬಹುದು. ಸಾಬೂನು ಅಥವಾ ಪುಡಿ ಬೆರೆತ ನೀರನ್ನು, ವಿಶೇಷವಾಗಿ ಸೊಪ್ಪಿನ ಮಡಿಗೆ, ಹಾಕಕೂಡದು. ಕೊಳವೆ ಬಾವಿಯ ನೀರು ಸವುಳಾಗಿದ್ದಲ್ಲಿ ಬೀನ್ಸ್ ಮೊದಲು ಸೊರಗುತ್ತದೆ.

ಹುಬ್ಬಳ್ಳಿ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರುಗಳನ್ನು ಹರಿಯುತ್ತದೆ. ತೇವವೂ ಬಿರುಕಿನ ಮೂಲಕ ಆರಿಹೋಗುತ್ತದೆ. ಶೇಂಗಾ ಹೊಟ್ಟು, ಒಣ ಎಲೆ ಅಥವಾ ಕತ್ತರಿಸಿದ ಜೋಳದ ಕಣಿಕೆಯನ್ನು ಎರಡು ಮೂರು ಬೆರಳು ದಪ್ಪ ಹೊದಿಸುವುದರಿಂದ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಕೊಯ್ಲಿನ ಹದ

ಸೊಪ್ಪು ಮತ್ತು ಎಳೆಕಾಯಿಗಳನ್ನು ಬೆಳಿಗ್ಗೆ ಬಿಸಿಲೇರುವ ಮುನ್ನ ಕೊಯ್ಯತಕ್ಕದ್ದು. ರಾತ್ರಿ ಹೀರಿಕೊಂಡ ನೀರು ಆ ಹೊತ್ತಿನಲ್ಲಿ ಎಲೆ, ಕಾಯಿಗಳಲ್ಲಿ ಇನ್ನೂ ಉಳಿದಿರುತ್ತದೆ. ರಾಜಗಿರಿಯನ್ನು ಬೇರುಸಹಿತ ಕೀಳುವ ಬದಲು ಬುಡದ ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯು ಇಂತಹ ಹಲವು ಕೊಯ್ಲುಗಳಿಗೆ ಹೊಂದುವಂಥದ್ದು.

ಬೆಂಡೆಯು ಬಿತ್ತಿದ 45ರಿಂದ 50 ದಿನಗಳಲ್ಲಿ ಫಲ ಕೊಡಲಾರಂಭಿಸುತ್ತದೆ. ಹೂ ಅರಳಿದ ಐದಾರು ದಿನಕ್ಕೆ ಕಾಯಿ ಕೊಯ್ಲಿಗೆ ಸಿದ್ಧ. ತುದಿ ಚಟ್ಟನೆ ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ದಿನ ಬಿಟ್ಟು ದಿನ ಕೊಯ್ಯುವುದು ಅವಶ್ಯ. "ಇನ್ನೊಂದಿಷ್ಟು ದೊಡ್ಡದಾಗಲಿ" ಎಂದು ಬಿಟ್ಟ ಕಾಯಿಯಲ್ಲಿ ನಾರು ಬರುವುದಲ್ಲದೆ, ಗಿಡವು ತನ್ನ ಶಕ್ತಿಯನ್ನೆಲ್ಲ ಬೀಜ ಬಲಿಸುವುದಕ್ಕೆ ವ್ಯಯಿಸಿ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಚವಳಿ, ಹೀರೆ, ಸವತೆಗೂ ಇದೇ ಮಾತು ಅನ್ವಯಿಸುತ್ತದೆ. ಬೇಸಿಗೆ ರಜೆಗೆಂದು ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ನೀರು ಹಾಕುವ ಜೊತೆಗೆ ಕಾಯಿ ಕೊಯ್ದುಕೊಳ್ಳುವಂತೆಯೂ ನೆರೆಯವರಿಗೆ ತಿಳಿಸಿ ಹೋಗುವುದು ಲಾಭಕರ. ಇದರಿಂದ ಗಿಡವೂ ಉಳಿಯುತ್ತದೆ, ನೆರೆಹೊರೆಯೂ ಚೆನ್ನಾಗಿರುತ್ತದೆ.

ಟೊಮ್ಯಾಟೊ ಹಣ್ಣಿನ ಕೆಂಪು ಬಣ್ಣವು 30 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಸರಿಯಾಗಿ ಮೂಡುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಗಿಡದಲ್ಲೇ ಹಣ್ಣಾಗಲು ಬಿಟ್ಟರೆ ಹಳದಿಯಾಗಿ ಉಳಿಯುವುದುಂಟು. ತುದಿಯಲ್ಲಿ ಬಣ್ಣ ಕಾಣಿಸಿಕೊಂಡೊಡನೆ ಕಿತ್ತು ಮನೆಯೊಳಗೆ ನೆರಳಿನಲ್ಲಿ ಹರಡುವುದು ಉತ್ತಮ. ಮಧ್ಯಾಹ್ನದ ಉಷ್ಣತೆ 35 ಡಿಗ್ರಿ ದಾಟಿದಾಗ ಟೊಮ್ಯಾಟೊ, ಮೆಣಸಿನ ಗಿಡಗಳು ಹೂ ಉದುರಿಸುವುದು ಸಹಜ. ಇದನ್ನು ರೋಗವೆಂದು ತಿಳಿದು ಔಷಧ ಸಿಂಪಡಿಸುವುದು ಅನಗತ್ಯ ಖರ್ಚು.

ಕಹಿ ಕಾಯಿ: ಎಚ್ಚರಿಕೆ

ಸೋರೆ, ಸವತೆ, ಹೀರೆ ಕಾಯಿಗಳಲ್ಲಿ ಕುಕರ್ಬಿಟಾಸಿನ್ ಎಂಬ ಕಹಿ ವಸ್ತುವು ಸೇರಿಕೊಳ್ಳುವ ಸಂಭವವಿರುತ್ತದೆ. ಬಿಸಿಲಿನ ತಾಪ ಮತ್ತು ನೀರಿನ ಕೊರತೆಯಿಂದ ಇದು ಹೆಚ್ಚಾಗುತ್ತದೆ. ಇದು ವಿಷಕಾರಿಯಾಗಿದ್ದು, ಬೇಯಿಸಿದರೂ ನಾಶವಾಗುವುದಿಲ್ಲ. ಕಹಿ ಸೋರೆಕಾಯಿ ರಸ ಕುಡಿದವರಲ್ಲಿ ವಾಂತಿ, ರಕ್ತವಾಂತಿ ಕಾಣಿಸಿಕೊಂಡು ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರ ಸಮಿತಿಯು ಕಹಿಯಾದ ಸೋರೆಕಾಯಿ ರಸವನ್ನು ಸೇವಿಸಲೇಬಾರದೆಂದು ತಿಳಿಸಿದೆ. ಅಡುಗೆಗೆ ಮುನ್ನ ತೊಟ್ಟಿನ ಕಡೆಯ ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ಉಗುಳಿ ನೋಡಬೇಕು; ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಬೇಕು. ಮನೆಯಲ್ಲೇ ಬೆಳೆದದ್ದೆಂಬ ಮಮತೆ ಇಲ್ಲಿ ಸಲ್ಲದು. ತಿಂದ ನಂತರ ವಾಂತಿ, ಭೇದಿ ಆರಂಭವಾದಲ್ಲಿ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಹಾಗಲಕಾಯಿಯ ಕಹಿ ಸ್ವಾಭಾವಿಕವಾದದ್ದು. ಈ ಎಚ್ಚರಿಕೆ ಅದಕ್ಕೆ ಅನ್ವಯಿಸುವುದಿಲ್ಲ.

ಕೀಟಗಳಿಗೆ ಶೇಕಡಾ 5ರ ಬೇವಿನ ಬೀಜದ ಕಷಾಯ ಸಾಕಾಗುತ್ತದೆ: ಲೀಟರ್ ನೀರಿಗೆ 50 ಗ್ರಾಂ ಕುಟ್ಟಿದ ಬೀಜದ ತಿರುಳನ್ನು ರಾತ್ರಿ ನೆನೆಸಿ, ಸೋಸಿ, ಸಂಜೆ ಸಿಂಪಡಿಸಬೇಕು. ಕೊಯ್ಲು ಮುಗಿಸಿದ ಮೇಲೆ ಸಿಂಪಡಿಸುವುದು, ಮುಂದಿನ ಕೊಯ್ಲಿನ ಕಾಯಿಗಳನ್ನು ಚೆನ್ನಾಗಿ ತೊಳೆಯುವುದು ಕ್ಷೇಮ.

ಬಳಕೆ ಮತ್ತು ಸಂರಕ್ಷಣೆ

ಈ ಭಾಗದ ಊಟದ ಕ್ರಮವು ಕೈತೋಟಕ್ಕೆ ಹೇಳಿಮಾಡಿಸಿದಂತಿದೆ. ಜೋಳದ ರೊಟ್ಟಿಯ ಜೊತೆಗೆ ಎಳೆ ಸವತೆ, ಮೆಂತೆ ಸೊಪ್ಪನ್ನು ಹಸಿಯಾಗಿಯೇ ತಿನ್ನುವುದು, ಪುಂಡಿ ಪಲ್ಯ, ಎಳೆ ಬದನೆಯ ಎಣ್ಣೆಗಾಯಿ ಇವು ಕಿತ್ತ ಗಳಿಗೆಯಲ್ಲೇ ರುಚಿ. ಹಸಿಯಾಗಿ ತಿನ್ನುವ ಸೊಪ್ಪನ್ನು ಮೂರು ನಾಲ್ಕು ಸಲ ತೊಳೆಯಬೇಕು. ಬೆಂಡೆಯನ್ನು ಮಾತ್ರ ತೊಳೆದು ಇಡದೆ, ಬಳಸುವಾಗ ತೊಳೆದು ಒರೆಸಬೇಕು.

ಹೆಚ್ಚಾದ ಚವಳಿಕಾಯಿ, ಮೆಣಸಿನಕಾಯಿಗಳನ್ನು ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರಡಿ, ರಾತ್ರಿ ಮತ್ತೆ ಅದೇ ಮಜ್ಜಿಗೆಗೆ ಹಾಕಿ, ಮಜ್ಜಿಗೆ ಹೀರಿದ ನಂತರ ಗರಿಗರಿಯಾಗುವವರೆಗೆ ಒಣಗಿಸಿದರೆ ಬಾಳಕ ಸಿದ್ಧವಾಗುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಸಂಜೆ ಹೊತ್ತಿಗೆ ಬರುವುದೇ ಹೆಚ್ಚು. ಮೋಡ ಕಂಡೊಡನೆ ತಾರಸಿಯ ಬಾಳಕ ಒಳಗೆ ಬರಬೇಕು. ಅದೇ ಗಾಳಿಗೆ ಬಳ್ಳಿಯ ಚಪ್ಪರ ಬೀಳದಂತೆ ಮೊದಲೇ ಗೂಟ ಬಿಗಿದಿಡಬೇಕು.

ಆರೋಗ್ಯವಂತ ಗಿಡವೊಂದರಲ್ಲಿ ಎರಡು ಕಾಯಿಗಳನ್ನು ಬೀಜಕ್ಕೆಂದು ಬಿಡಬಹುದು. ಸಂಕರಣ ತಳಿಯ ಬೀಜ ಇದಕ್ಕೆ ಬಾರದು. ಬಿತ್ತನೆ ಬೀಜ ಮತ್ತು ತಳಿಗಳ ಮಾಹಿತಿಗಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನು (ಸ್ಥಾಪನೆ 1986) ಅಥವಾ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.