ತವರು ತೊರೆಯ ಪಾಠ

ನಾವು ಓದಿದ ಕಾಲದಲ್ಲಿ ಜೀವಶಾಸ್ತ್ರಕ್ಕೊಂದು ಪೀರಿಯಡ್, ನೀತಿಪಾಠಕ್ಕೆ ಇನ್ನೊಂದು. ಒಂದರಲ್ಲಿ ಕಪ್ಪೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಿದ್ದೆವು. ಮತ್ತೊಂದರಲ್ಲಿ ಪ್ರಾಣಿದಯೆಯ ಹಿರಿಮೆಯನ್ನು ಉರು ಹೊಡೆಯುತ್ತಿದ್ದೆವು. ಆ ದಯೆ ಕಪ್ಪೆಗೂ ಸಲ್ಲಬೇಕೆಂಬುದು ನಮಗಾರಿಗೂ ಹೊಳೆದಿರಲಿಲ್ಲ.

ಈ ಎರಡು ಪಾಠಗಳು ಒಂದಾದ ಪ್ರಸಂಗವೊಂದು ಸಿಯಾಟಲ್‌ನ ಉತ್ತರಕ್ಕಿರುವ ಎವರೆಟ್ ಊರಿನ ಇತಿಹಾಸದಲ್ಲಿದೆ. ಅಲ್ಲಿನ ಜಾಕ್ಸನ್ ಪ್ರಾಥಮಿಕ ಶಾಲೆಯ ಬಳಿ ಪಿಜನ್ ಕ್ರೀಕ್ ಎಂಬ ಸಣ್ಣ ತೊರೆಯಿದೆ. ಹಿಂದೆ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಬರುತ್ತಿದ್ದ ಆ ತೊರೆ, ಊರು ಬೆಳೆದಂತೆ ಕಸದ ತಾಣವಾಯಿತು. ಮೀನು ಬರುವುದು ನಿಂತಿತು. 1980ರ ದಶಕದ ನಡುವಿನಲ್ಲಿ ಶಾಲೆಯ ಮಕ್ಕಳು ಆ ತೊರೆಯನ್ನು ದತ್ತು ತೆಗೆದುಕೊಂಡರು. ಕಸ ಹೆಕ್ಕಿದರು, ನೀರು ಕೆಡಿಸಬೇಡಿರೆಂದು ಊರವರನ್ನು ಬೇಡಿದರು. ಬೇರೆಡೆಯಿಂದ ತಂದ ಕೋಹೋ ಸಾಲ್ಮನ್ ಮೊಟ್ಟೆಗಳನ್ನು ಶಾಲೆಯ ಗಾಜಿನ ತೊಟ್ಟಿಯಲ್ಲಿ ಮರಿ ಮಾಡಿಸಿ ತೊರೆಗೆ ಬಿಟ್ಟರು. ಕೋಹೋ ಕಡಲಿಗೆ ಹೋಗಿ ಹಿಂತಿರುಗಲು ಸಾಮಾನ್ಯವಾಗಿ ಮೂರನೆಯ ವರ್ಷವಾಗಬೇಕು; ಉಳಿದು ಬರುವವು ಕೆಲವೇ. ಆದರೂ ಕೆಲವು ವರ್ಷಗಳಲ್ಲಿ ಪಿಜನ್ ಕ್ರೀಕಿಗೆ ಸಾಲ್ಮನ್ ಮರಳಿತು. ಮಾಲಿ ಕೋನ್ ಅವರು 1992ರಲ್ಲಿ ‘ಕಮ್ ಬ್ಯಾಕ್, ಸಾಲ್ಮನ್’ ಎಂಬ ಪುಸ್ತಕದಲ್ಲಿ ಇದನ್ನು ದಾಖಲಿಸಿದರು.

ಮೀನಿಗೆ ದಾರಿ ತಿಳಿಯುವುದೆಂತು? ಅದಕ್ಕೂ ಉತ್ತರ ದೊರೆತದ್ದು ಈ ಸೀಮೆಯಲ್ಲೇ. 1950ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಸ್ಬಿ ಮತ್ತು ಹ್ಯಾಸ್ಲರ್ ಎಂಬ ವಿಜ್ಞಾನಿಗಳು ಇಸ್ಸಕ್ವಾ ತೊರೆಯ ಎರಡು ಕವಲುಗಳಿಂದ ಕೋಹೋ ಮೀನುಗಳನ್ನು ಹಿಡಿದು, ಕೆಲವುಗಳ ಮೂಗು ಮುಚ್ಚಿ, ಸಂಗಮದ ಕೆಳಗೆ ಬಿಟ್ಟರು. ಮೂಗು ತೆರೆದಿದ್ದವುಗಳಲ್ಲಿ ಬಹುಪಾಲು ತಮ್ಮ ಕವಲನ್ನೇ ಸೇರಿದವು. ಮುಚ್ಚಿದ್ದವು ದಿಕ್ಕು ತಪ್ಪಿದವು. ಎಳವೆಯಲ್ಲಿ ಉಂಡ ನೀರಿನ ವಾಸನೆಯೇ ಅವುಗಳ ದಾರಿದೀಪ.

ನನ್ನ ಮಗಳೂ ಇಲ್ಲಿನ ಶಾಲೆಯಲ್ಲಿ ಸಾಲ್ಮನ್ ಮರಿ ಸಾಕಿದವಳು. ಲೋಟದಲ್ಲಿ ಹಿಡಿದು ತೊರೆಗೆ ಬಿಟ್ಟು ಬಂದ ದಿನ ಅವಳಿಗೆ ಊಟ ಸೇರಲಿಲ್ಲ. “ಅಮ್ಮಾ, ನನ್ನದು ಬದುಕುತ್ತದೆಯೇ?” ಎಂದಳು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಪುರಿ ಹಾಕಿದ ನನ್ನ ಬಾಲ್ಯವನ್ನು ಎಷ್ಟು ಬಾರಿ ವರ್ಣಿಸಿದರೂ ಅವಳಿಗದು ಅಮ್ಮನ ಕಥೆ. ಈ ಮರಿ ಮಾತ್ರ ಅವಳದೇ. ಆಗ ನನಗೆ ಕೊಂಚ ನೋವಾದದ್ದು ನಿಜ.

ಇಂದು ಅದರ ಅರ್ಥ ತಿಳಿಯುತ್ತದೆ. ಎವರೆಟ್‌ನ ಮೀನುಗಳು ಮರಳಿದ್ದು ಮೊಟ್ಟೆ ಬಂದ ಊರಿಗಲ್ಲ, ತಾವು ಬೆಳೆದ ನೀರಿಗೆ. ನಮ್ಮ ಮಕ್ಕಳ ತವರು ತೊರೆ ಇಲ್ಲಿಯದೇ. ಅವರು ತುಂಗೆಯನ್ನು ಮರೆತರೆಂದು ಮರುಗುವುದಕ್ಕಿಂತ, ತುಂಗೆಯ ಮೀನನ್ನು ಹಿಡಿಯದೆ ಕಾಯ್ದ ಹಿರಿಯರ ಅಕ್ಕರೆಯನ್ನು ಇಲ್ಲಿನ ನೀರಿಗೆ ಬೆರೆಸುವುದು ಲೇಸು. ನಮ್ಮ ಕನ್ನಡ ಶಾಲೆಗಳು ಶರತ್ಕಾಲದ ಒಂದು ಭಾನುವಾರವಾದರೂ ತೊರೆಯ ದಡದಲ್ಲಿ ನಡೆಯಲಿ. ಮಕ್ಕಳೊಡನೆ ನಾವೂ ಬಾಗಿ ಕಸ ಹೆಕ್ಕೋಣ. ಹೆಕ್ಕುವಾಗ ಆಡುವ ಮಾತು ಕನ್ನಡವಾಗಿರಲಿ.