ಅಪರಾಧಕ್ಕೆ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಉಳಿಯುವುದೇ?

ಸುಳಕೂಡ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕನ್ನಡ ಕುಟುಂಬಗಳ ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಈ ಮಾಹಿತಿ ತಿಳಿದಿರುವುದು ಒಳ್ಳೆಯದು. ಗ್ರೀನ್ ಕಾರ್ಡ್ ಎಂದರೆ ಕಾಯಂ ವಾಸದ ಪರವಾನಗಿಯೇ ಹೊರತು ಪೌರತ್ವವಲ್ಲ. ಅಪರಾಧ ಸಾಬೀತಾದರೆ ಜೈಲು, ದಂಡದ ಜೊತೆಗೆ ಗಡೀಪಾರೂ ಆಗಬಹುದು.

ಯಾವ ಅಪರಾಧಗಳು?: ಮಾದಕ ವಸ್ತು ಪ್ರಕರಣ, ಕೌಟುಂಬಿಕ ಹಿಂಸೆ, ಅಕ್ರಮ ಬಂದೂಕು, 10,000 ಡಾಲರ್ ಮೀರಿದ ವಂಚನೆ ಇವುಗಳಲ್ಲಿ ಮುಖ್ಯ. ಅಂಗಡಿ ಕಳವಿನಂತಹ 'ನೈತಿಕ ಅಧಃಪತನ'ದ ಅಪರಾಧವನ್ನು ದೇಶ ಪ್ರವೇಶಿಸಿದ 5 ವರ್ಷದೊಳಗೆ ಮಾಡಿದ್ದು, ಅದಕ್ಕೆ ಒಂದು ವರ್ಷ ಅಥವಾ ಹೆಚ್ಚಿನ ಶಿಕ್ಷೆ ವಿಧಿಸಲು ಅವಕಾಶವಿದ್ದರೆ ಅದೂ ಸಾಕು.

ತಪ್ಪೊಪ್ಪಿಗೆಯ ಅಪಾಯ: ಜೈಲು ತಪ್ಪುತ್ತದೆಂದು ಹಲವರು ತಪ್ಪು ಒಪ್ಪಿಕೊಂಡು ಬಿಡುತ್ತಾರೆ. ತಪ್ಪೊಪ್ಪಿಗೆಯ ಮೇಲೆ ನ್ಯಾಯಾಲಯ ದಂಡವನ್ನೋ ನಿರ್ಬಂಧವನ್ನೋ ಹಾಕಿದರೆ ವಲಸೆ ಕಾನೂನು ಅದನ್ನು ಅಪರಾಧ ಸಾಬೀತಾದಂತೆಯೇ ಎಣಿಸುತ್ತದೆ. ಅಮಾನತಿನಲ್ಲಿಟ್ಟ ಜೈಲು ಶಿಕ್ಷೆಯೂ ಲೆಕ್ಕಕ್ಕೆ ಬರುತ್ತದೆ.

ಹೊಸೆ ಪಡಿಲ್ಲಾ ಪ್ರಕರಣ: ಹೊಂಡುರಾಸ್ ಮೂಲದ ಇವರು ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ಸೇವೆ ಸಲ್ಲಿಸಿದವರು. 40 ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ನೆಲೆಸಿದ್ದರು. ಗಾಂಜಾ ಸಾಗಣೆ ಪ್ರಕರಣದಲ್ಲಿ 'ಇಷ್ಟು ವರ್ಷ ಇದ್ದೀರಿ, ಚಿಂತೆ ಬೇಡ' ಎಂಬರ್ಥದ ಸಲಹೆಯನ್ನು ವಕೀಲರಿಂದ ಪಡೆದು ತಪ್ಪೊಪ್ಪಿಕೊಂಡರು. ಗಡೀಪಾರಿನ ಭೀತಿ ಎದುರಾಯಿತು. ಗಡೀಪಾರಿನ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರ ಮಾರ್ಚ್ 31ರಂದು ತೀರ್ಪಿತ್ತಿತು.

ಓಸಿಐ ಕಾರ್ಡ್ ಇದ್ದವರಿಗೆ: ಅಮೆರಿಕದ ಪೌರತ್ವ ಪಡೆದವರು ಭಾರತದ ಪಾಲಿಗೆ ವಿದೇಶಿಯರು. ಓಸಿಐ ನೋಂದಣಿಯಾದ 5 ವರ್ಷದೊಳಗೆ 2 ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದರೆ ಕಾರ್ಡ್ ರದ್ದು ಮಾಡಲು ಪೌರತ್ವ ಕಾಯ್ದೆಯಲ್ಲಿ ಮೊದಲಿನಿಂದ ಅವಕಾಶವಿದೆ. 2025ರ ಆಗಸ್ಟ್‌ನ ಅಧಿಸೂಚನೆ ಇದನ್ನು ಇನ್ನಷ್ಟು ಬಿಗಿಗೊಳಿಸಿತು. 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಅರ್ಹವಾದ ಅಪರಾಧದಲ್ಲಿ ಆರೋಪಪಟ್ಟಿ ಸಲ್ಲಿಕೆಯಾದರೂ ಕಾರ್ಡ್ ರದ್ದಾಗಬಹುದು. ಆದರೆ ರದ್ದು ಮಾಡುವ ಮುನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕು.

ಗಮನದಲ್ಲಿಡಿ:
* ಬಂಧನವಾದರೆ ಭಾರತೀಯ ದೂತಾವಾಸಕ್ಕೆ ತಿಳಿಸುವಂತೆ ಕೇಳಿ. 1963ರ ವಿಯೆನ್ನಾ ಒಪ್ಪಂದ ಈ ಹಕ್ಕು ನೀಡಿದೆ.
* ತಪ್ಪೊಪ್ಪಿಕೊಳ್ಳುವ ಮುನ್ನ ವಲಸೆ ವಕೀಲರ ಸಲಹೆಯನ್ನು ಬರವಣಿಗೆಯಲ್ಲೇ ಪಡೆಯಿರಿ.
* ಹಳೆಯ ಪ್ರಕರಣ ಇದ್ದವರು ಊರಿನ ಮದುವೆ, ಜಾತ್ರೆಗೆ ಹೊರಡುವ ಮೊದಲೇ ವಕೀಲರನ್ನು ವಿಚಾರಿಸಿ. ಮರಳುವಾಗ ವಿಮಾನ ನಿಲ್ದಾಣದಲ್ಲೇ ತಡೆಯಬಹುದು.
* ಪೌರತ್ವಕ್ಕೆ ಅರ್ಜಿ ಹಾಕಿದಾಗಲೂ ಹಳೆಯ ಪ್ರಕರಣ ಹೊರಬರುತ್ತದೆ. ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿಯನ್ನು ಜೋಪಾನವಾಗಿಡಿ.