ಬಡಾವಣೆಗೆ ನೂರು ಮೀಟರ್ ರಸ್ತೆ, ಎಕರೆ ಕೊಟ್ಟವನಿಗೆ ಎಂಟೂಮುಕ್ಕಾಲು ಗುಂಟೆ

ಈ ವಾರ ಅವರೆ ಬೆಳೆ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ನಮ್ಮ ಸುತ್ತಿನ ಊರುಗಳಿಗೆ ಲೇಔಟ್ ಬರುತ್ತೆ, ಅದಕ್ಕೆ ಮೇನ್ ರೋಡ್ ಮಂಜೂರಾಗಿದೆ ಅನ್ನೋ ಮಾತು ಜೋರಾಗಿದೆ. ಕೆಲವರು ಅದೃಷ್ಟ ಖುಲಾಯಿಸಿತು ಅಂತಾರೆ. ಕೆಲವರು ಈಗಲೇ ಅಗ್ರಿಮೆಂಟ್ ಮಾಡಿಕೊಟ್ಟು ಕೈ ತೊಳ್ಕೊಳ್ಳೋಣ ಅಂತಾರೆ. ಯಾವುದಕ್ಕೂ ಕೈ ಹಾಕೋ ಮೊದಲು ಕೆಂಪೇಗೌಡ ಬಡಾವಣೆ ಕಥೆ ಓದಿ.

ಬೆಂಗಳೂರು ಹೊಲ ನುಂಗೋದು ಇವತ್ತಿನದಲ್ಲ. 1945ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಬೈರಸಂದ್ರ, ಸಿದ್ದಾಪುರ, ಮಾರೇನಹಳ್ಳಿ ಈಗ ಬಸ್ ಸ್ಟಾಪಿನ ಹೆಸರುಗಳು, ಆಗ ಹಳ್ಳಿಗಳು. 1976ರಲ್ಲಿ ಆ ಮಂಡಳಿ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದ್ರೆ ಬಿಡಿಎ ಬಂತು. ಅದರ ಕಾಯ್ದೆಯಲ್ಲಿ ಎರಡು ನಂಬರ್ ನೆನಪಿಟ್ಕೊಳ್ಳಿ. ಸೆಕ್ಷನ್ 17 ಪ್ರಾಥಮಿಕ ಅಧಿಸೂಚನೆ, 19 ಅಂತಿಮ ಅಧಿಸೂಚನೆ. ಬೇರೆ ಜಿಲ್ಲೆಗಳ ನಗರಾಭಿವೃದ್ಧಿ ಪ್ರಾಧಿಕಾರಗಳಿಗೆ ಮಾಡಿದ 1987ರ ಕಾಯ್ದೆಯಲ್ಲೂ ಇದೇ ನಂಬರ್‌ಗಳು.

ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2008ರಲ್ಲಿ ಪ್ರಾಥಮಿಕ, 2010ರಲ್ಲಿ ಅಂತಿಮ ಅಧಿಸೂಚನೆ ಆಯ್ತು. ಸೂಲಿಕೆರೆ, ರಾಮಸಂದ್ರ, ಕೊಮ್ಮಘಟ್ಟ, ಸೀಗೇಹಳ್ಳಿ, ಚಲ್ಲಘಟ್ಟ ಸೇರಿ 12 ಊರು, ನಾಲ್ಕು ಸಾವಿರ ಎಕರೆಗೂ ಮೇಲೆ. ಇದರ ಬೆನ್ನುಮೂಳೆ ಅಂದ್ರೆ ಮೈಸೂರು ರಸ್ತೆಯಿಂದ ಮಾಗಡಿ ರಸ್ತೆಗೆ ಹೋಗೋ ಮುಖ್ಯ ರಸ್ತೆ. ಉದ್ದ ಸುಮಾರು 10.7 ಕಿ.ಮೀ., ಅಗಲ 100 ಮೀಟರ್. ಗುಣಿಸಿ ನೋಡಿ, ಬರೀ ರಸ್ತೆಗೇ 264 ಎಕರೆ ಆಗುತ್ತೆ.

ಆ ರಸ್ತೆ ಬೇಗ ಆಯ್ತಾ ಅಂದ್ರೆ ಅದೂ ಇಲ್ಲ. 2016ರಲ್ಲಿ ಸೈಟು ಹಂಚೋಕೆ ಶುರು ಮಾಡಿದ್ರು. ಸೈಟ್ ತಗೊಂಡವರು ವರ್ಷಗಟ್ಟಲೆ ರಸ್ತೆ ಎಲ್ಲಿ ಅಂತ ಕೇಳ್ತಾ ಇದ್ರು. ಮಧ್ಯೆ ಮಧ್ಯೆ ಕೋರ್ಟಿನಲ್ಲಿದ್ದ ಜಮೀನು, ಚಲ್ಲಘಟ್ಟದ ಹತ್ರ ಮೈಸೂರು ರೈಲು ಹಳಿ. ಹೀಗಾಗಿ ರಸ್ತೆ ತುಂಡು ತುಂಡಾಗಿ ನಿಂತಿತ್ತು. ನಕ್ಷೆಯಲ್ಲಿ ಗೆರೆ ಎಳೆಯೋಕೆ ಒಂದು ದಿನ ಸಾಕು. ಆ ಗೆರೆಯ ಕೆಳಗಿರೋ ರೈತನಿಗೆ ಕನ್ವರ್ಷನ್ ಸಿಗಲ್ಲ, ಮನೆ ಕಟ್ಟೋಕೆ ಒಪ್ಪಿಗೆ ಇಲ್ಲ, ಬ್ಯಾಂಕಿನವರೂ ಹಿಂದೆ ಮುಂದೆ ನೋಡ್ತಾರೆ.

ಕಾಯ್ದೆಯಲ್ಲಿ ಗಡುವು ಇಲ್ಲ ಅಂತಲ್ಲ. ಅಂತಿಮ ಅಧಿಸೂಚನೆ ಆಗಿ 5 ವರ್ಷದಲ್ಲಿ ಯೋಜನೆ ಗಣನೀಯವಾಗಿ ಜಾರಿಯಾಗದಿದ್ರೆ ಅದು ಬಿದ್ದುಹೋಗುತ್ತೆ ಅಂತ ಸೆಕ್ಷನ್ 27 ಹೇಳುತ್ತೆ. ಆದ್ರೆ ಎಷ್ಟು ಆದ್ರೆ ಗಣನೀಯ? ಅದನ್ನ ತೀರ್ಮಾನ ಮಾಡೋಕೆ ನೀವು ಕೋರ್ಟು ಮೆಟ್ಟಿಲು ಹತ್ತಬೇಕು.

ಈಗ ಲೆಕ್ಕ. ದುಡ್ಡಿನ ಬದಲು ಸೈಟ್ ಕೊಡೋ ಬಿಡಿಎ 60:40 ಪದ್ಧತಿಯಲ್ಲಿ ಎಕರೆಯ 40 ಗುಂಟೆಯಲ್ಲಿ ರಸ್ತೆ, ಪಾರ್ಕು, ಸಾರ್ವಜನಿಕ ಜಾಗ ಅಂತ ನೂರಕ್ಕೆ 45, ಅಂದ್ರೆ 18 ಗುಂಟೆ ಕಳೀತಾರೆ. ಉಳಿದ 22 ಗುಂಟೆಯಲ್ಲಿ ನೂರಕ್ಕೆ 40 ರೈತನಿಗೆ. ಅದು 8.8 ಗುಂಟೆ, 9,583 ಚದರ ಅಡಿ. 40:60 ಅಂದಾಗ ಎಕರೆಗೆ 16 ಗುಂಟೆ ಬರುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಬರಲ್ಲ. ರಸ್ತೆ ಜಾಗದಲ್ಲಿ ನಮಗೆ ಪಾಲಿಲ್ಲ.

ದುಡ್ಡೇ ಬೇಕು ಅಂದ್ರೆ ಇನ್ನೊಂದು ಮಾತು. ಹಳ್ಳಿ ಕಡೆ ಪರಿಹಾರ ಹೆಚ್ಚು ಸಿಗೋ ಹಾಗೆ 2013ರ ಭೂಸ್ವಾಧೀನ ಕಾಯ್ದೆ ಬಂತಲ್ಲ, ಅದು ಬಿಡಿಎ ಸ್ವಾಧೀನಕ್ಕೆ ಅನ್ವಯಿಸಲ್ಲ ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದ್ರೆ ಯಾವ ಕಾಯ್ದೆಯಲ್ಲಿ ಜಮೀನು ತಗೋತಾರೆ ಅನ್ನೋದರ ಮೇಲೆ ರೇಟು ನಿಂತಿದೆ.

ಹಾಗಾಗಿ ಯಾರಾದ್ರೂ ರೋಡ್ ಮಂಜೂರಾಗಿದೆ ಅಂತ ಬಂದ್ರೆ ಮೂರು ಪ್ರಶ್ನೆ ಕೇಳಿ. ಇದು ಮಾಸ್ಟರ್ ಪ್ಲಾನಿನ ಗೆರೆ ಮಾತ್ರನಾ, ಇಲ್ಲಾ 17 ಅಥವಾ 19ರ ಅಧಿಸೂಚನೆ ಆಗಿದೆಯಾ? ಯಾವ ಕಾಯ್ದೆ? ರಸ್ತೆ ಲೇಔಟಿನ ಯೋಜನೆ ಒಳಗೇ ಸೇರಿದೆಯಾ, ಬೇರೆ ಅಧಿಸೂಚನೆಯಾ? ಒಳಗಿದ್ರೆ ನಷ್ಟ ಎಲ್ಲರಿಗೂ ಹಂಚಿಹೋಗುತ್ತೆ, ನಿಮ್ಮ ಹೊಲ ರಸ್ತೆಗೆ ಹೋದ್ರೂ ಸೈಟಿನ ಪಾಲು ಕೇಳಬಹುದು. ಬರೀ ರಸ್ತೆಗೆ ಅಂತ ಬೇರೆ ತಗೊಂಡ್ರೆ ಪಾಲು ಕೊಡೋಕೆ ಅಲ್ಲಿ ಸೈಟೇ ಇರಲ್ಲ.

17ರ ನೋಟಿಸ್ ಕೈಗೆ ಬಂದ ದಿನದಿಂದ 30 ದಿನದೊಳಗೆ ಆಕ್ಷೇಪಣೆ ಬರವಣಿಗೆಯಲ್ಲಿ ಕೊಡಬೇಕು. ಬಾವಿ, ಬೋರ್‌ವೆಲ್, ತೆಂಗು, ಮಾವು ಎಲ್ಲ ಬರೆಯಿರಿ, ಸೀಲ್ ಹಾಕಿಸಿದ ಪ್ರತಿ ಇಟ್ಕೊಳ್ಳಿ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ರೆ ಈಗಲೇ ಪೌತಿ ಖಾತೆ ಮಾಡಿಸಿ. ಅಣ್ಣತಮ್ಮಂದಿರ ತಕರಾರು ಇದ್ರೆ ಪರಿಹಾರದ ಹಣ ಕೋರ್ಟಿಗೆ ಹೋಗಿ ಕೂರುತ್ತೆ. ಹೆಣ್ಣುಮಕ್ಕಳ ಪಾಲನ್ನೂ ಮರೀಬೇಡಿ.

ಅಧಿಸೂಚನೆ ಕಣ್ಣಾರೆ ನೋಡೋವರೆಗೂ ಅಡ್ವಾನ್ಸ್ ಮುಟ್ಟಬೇಡಿ. ಮಳೆ ಬಂದ್ರೆ ಬಿತ್ತನೆ ನಿಲ್ಲಿಸಬೇಡಿ.